ಪ್ಯಾರಿಸ್ಸಿನ ಕಾರ್ಮಿಕರು, ಕಲಬುರಗಿ ಮಾತು

ಪ್ರಶ್ನೆ: ಪ್ಯಾರಿಸ್ ಹೊರವಲಯದ ಕಾರ್ಖಾನೆ ಕೆಲಸಗಾರರ ಕುರಿತ ಹೊಸ ಫ್ರೆಂಚ್ ಕಾದಂಬರಿಯೊಂದನ್ನು ಅನುವಾದಿಸುತ್ತಿದ್ದೇನೆ. ಸಂಭಾಷಣೆಗೆ ನಮ್ಮ ಕಡೆಯ ಮಾತು ಬಳಸಬಹುದೇ?
– ಓದುಗರು, ಶಹಾಬಾದ್, ಕಲಬುರಗಿ ಜಿಲ್ಲೆ

ಉತ್ತರ: ಧಾರಾಳವಾಗಿ ಬಳಸಿ. ‘ಡ್ಯೂಟಿ ಮುಗೀತೇನು?’ ‘ಎಲ್ಲಿ ಮುಗಿತದ, ಇನ್ನಾ ಎರಡು ತಾಸು ಅದ’ ಎನ್ನುವಾಗ ಕ್ರಿಯಾಪದದ ಓಟವೇ ಸಾಕು. ಊಟ, ಹಬ್ಬ, ಆಣೆ ಪ್ರಮಾಣಗಳನ್ನೂ ಇಲ್ಲಿಯವೇ ಮಾಡಿದರೆ ಪಾತ್ರಗಳು ಪ್ಯಾರಿಸ್ ಬಿಟ್ಟು ನಿಮ್ಮ ಪಕ್ಕದ ವಾಡಿ ಊರಿಗೆ ಬಂದಿಳಿಯುತ್ತವೆ. ನಿರೂಪಣೆ ಸರಳ ಬರಹಗನ್ನಡದಲ್ಲಿರಲಿ.

ಎಡವುವುದು ‘ತ್ಯು’, ಅಂದರೆ ಫ್ರೆಂಚಿನ ಸಲುಗೆಯ ‘ನೀನು’ ಬಂದಾಗ. ಫ್ರೆಂಚ್ ಕಾರ್ಮಿಕರು ವಯಸ್ಸಿನಲ್ಲಿ ಹಿರಿಯರಾದ ಜೊತೆಗಾರರನ್ನೂ ಹಾಗೆ ಮಾತನಾಡಿಸುವುದು ಸಾಮಾನ್ಯ. ಎಲ್ಲೆಡೆ ‘ನೀನು’ ಹಾಕಿದರೆ ನಮ್ಮ ಓದುಗರಿಗೆ ಅದು ಅವಮಾನವಾಗಿ ಕೇಳಿಸುತ್ತದೆ. ಅಲ್ಲಿ ‘ನೀವು’ ಬರೆದು, ಸಲುಗೆಯನ್ನು ಗಿಡ್ಡ ವಾಕ್ಯಗಳಲ್ಲಿ ತನ್ನಿ. ಯುವಕರು ಉಚ್ಚಾರಾಂಶ ತಿರುಗಿಸಿ ಆಡುವ ‘ವೆರ್ಲಾನ್’ ಬಂದರೆ ಕನ್ನಡದ ಅಕ್ಷರ ತಿರುಗಿಸಬೇಡಿ, ಒಗಟಾದೀತು. ಒರಟುತನ, ವೇಗ ಉಳಿದರಾಯಿತು. ಸರಕಾರಿ ನೆರವಿನ ಅಗ್ಗದ ಬಾಡಿಗೆಯ ಬಹುಮಹಡಿ ವಸತಿಯನ್ನು ಮಾತ್ರ ಖಂಡಿತ ‘ಕೊಳೆಗೇರಿ’ ಎನ್ನಬೇಡಿ. ಅಲ್ಲಿ ನಲ್ಲಿ, ಬಾಡಿಗೆ ಕರಾರು ಇವೆ, ಎಷ್ಟೋ ಕಡೆ ಲಿಫ್ಟೂ ಇದೆ.

ಇನ್ನೂ ಮುಂದೆ ಹೋಗುವ ಮೊದಲು ಹಕ್ಕು ಕೇಳಿ. ಫ್ರಾನ್ಸಿನಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿದ ಮೇಲೂ 70 ವರ್ಷ ಇರುತ್ತದೆ. ಮೂಲ ಪ್ರಕಾಶಕರ ವಿದೇಶಿ ಹಕ್ಕುಗಳ ವಿಭಾಗಕ್ಕೆ ನಿಮ್ಮ ಕನ್ನಡ ಪ್ರಕಾಶಕರಿಂದಲೇ ಪತ್ರ ಬರೆಸಿ. ಪ್ರತಿಗಳ ಸಂಖ್ಯೆ, ಬೆಲೆ, ಅವಧಿ ಅದರಲ್ಲಿರಲಿ.