ಮಣಿಪಾಲದ ಎರಡು ಬೆಡ್‌ರೂಮ್ ಫ್ಲ್ಯಾಟ್‌ನಲ್ಲಿ ಎಷ್ಟು ಬೆಕ್ಕು ಸಾಕಬಹುದು? ಈಗ ಒಂದಿದೆ, ಇನ್ನೆರಡು ತರುವ ಆಸೆ.

ಇನ್ನೊಂದು ತನ್ನಿ, ಸಾಕು. ಆ ಜಾಗಕ್ಕೆ ಮೂರು ಜಾಸ್ತಿ ಅಂತಲೇ ನನ್ನ ಅಭಿಪ್ರಾಯ.

ಲೆಕ್ಕ ಹಾಕಬೇಕಾದ್ದು ಮಳೆಗಾಲಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಮಳೆ ಹಿಡಿದರೆ ಬಾಲ್ಕನಿಯೂ ಒದ್ದೆ, ಕಿಟಕಿಯೂ ಬಂದ್, ಬೆಕ್ಕುಗಳೆಲ್ಲ ದಿನವಿಡೀ ಒಳಗೇ, ಒಂದರ ಮುಖ ಇನ್ನೊಂದು ನೋಡಿಕೊಂಡು ಇರಬೇಕು ಅಲ್ವಾ. ಬೆಕ್ಕಿಗೊಂದು ಮರಳಿನ ಟ್ರೇ, ಮೇಲೊಂದು ಹೆಚ್ಚುವರಿ, ಇದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಅಂದರೆ ಮೂರು ಬೆಕ್ಕಿಗೆ ನಾಲ್ಕು ಟ್ರೇ, ಅದೂ ಬೇರೆ ಬೇರೆ ಕಡೆ. ಎಲ್ಲಿಡುತ್ತೀರಿ? ಇಕ್ಕಟ್ಟಾದರೆ ಅವು ಸೋಫಾ ಮೇಲೆ ಉಚ್ಚೆ ಹೊಯ್ಯಬಹುದು. ಆಗ ದಯವಿಟ್ಟು ಹೊಡೆಯಬೇಡಿ, ಪಾಪ, ಅದು ಒತ್ತಡದಿಂದಲೂ ಆಗುತ್ತದೆ.

ಗಂಡು ಹೆಣ್ಣು ಎರಡೂ ಇದ್ದರೆ ಮೊದಲು ಆಪರೇಷನ್ ಮಾಡಿಸಿ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಗರ್ಭ ಸುಮಾರು 9 ವಾರ ಅಷ್ಟೇ. ಸುಮ್ನೆ ಬಿಟ್ಟು, ಆಮೇಲೆ ಮರಿಗಳನ್ನು ಮೀನು ಮಾರ್ಕೆಟ್ ಹತ್ತಿರ ಇಳಿಸಿ ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬೂತಾಯಿ ಕೊಡುವುದಾದರೆ ಬೇಯಿಸಿ, ಮುಳ್ಳು ತೆಗೆದು ಕೊಡಿ, ಆದರೆ ಬರೀ ಮೀನೇ ಊಟವಾಗಬಾರದು. ಲಸಿಕೆಯ ಖರ್ಚೂ ತಲೆಗಿಷ್ಟು ಅಂತ ಬರುತ್ತದೆ. ಹೊಸದನ್ನು ತಂದ ಮೇಲೆ ಒಂದೆರಡು ವಾರ ಬೇರೆ ರೂಮಿನಲ್ಲಿಟ್ಟು, ಮೊದಲು ವಾಸನೆ ಪರಿಚಯ ಮಾಡಿಸಿ, ಆಮೇಲೆ ಎದುರುಬದುರು ಬಿಡಿ.