ಮಣ್ಣು ಹಸಿಯಾಗಿರುವಾಗಲೇ

ಓದುಗರೊಬ್ಬರ ಪತ್ರ: "ನಲವತ್ತು ವರ್ಷ ನಮ್ಮೂರಿನ ಮನೆಮನೆಗೂ ನಡೆದೇ ಹೋಗಿ ಹೆರಿಗೆ ಮಾಡಿಸಿದ, ಗಾಯಕ್ಕೆ ಪಟ್ಟಿ ಕಟ್ಟಿದ, ರೋಗಿಗಳ ಪಕ್ಕದಲ್ಲಿ ರಾತ್ರಿಗಳನ್ನು ಕಳೆದ ನರ್ಸ್ ಒಬ್ಬರು ತೀರಿಕೊಂಡು ಎಂಟು ತಿಂಗಳಾಯಿತು. ನಮಗೆಲ್ಲ ಅವರು ನರ್ಸಕ್ಕ. ಅವರ ಪ್ರತಿಮೆ ನಿಲ್ಲಿಸಲು ಹನ್ನೊಂದು ಮಂದಿಯ ಸಮಿತಿ ಮಾಡಿಕೊಂಡಿದ್ದೇವೆ. ಒಂದು ಫೋಟೊ ಕೊಟ್ಟರೆ ಮೂರೇ ತಿಂಗಳಲ್ಲಿ ಫೈಬರ್‌ನಲ್ಲಿ ಮಾಡಿ, ಕಂಚಿನ ಬಣ್ಣ ಬಳಿದು ಕೊಡುವುದಾಗಿ ಒಬ್ಬರು ಹೇಳಿದ್ದಾರೆ. ಮೊದಲ ಪುಣ್ಯಸ್ಮರಣೆಯ ದಿನವೇ ಅನಾವರಣವಾಗಲಿ ಎಂಬುದು ಎಲ್ಲರ ಆಸೆ. ಎತ್ತರದ ಪೀಠ ಬೇಕೆಂದು ಕೆಲವರು, ಎದೆಮಟ್ಟದ ಪ್ರತಿಮೆ ಸಾಕೆಂದು ಇನ್ನು ಕೆಲವರು. ನಮ್ಮಲ್ಲಿ ಯಾರಿಗೂ ಈ ಕೆಲಸದ ಅನುಭವವಿಲ್ಲ. ದಾರಿ ತೋರಿಸುವಿರಾ?"

ಸಂಪಾದಕರ ಉತ್ತರ:

ನಿಮ್ಮ ಕೋರಿಕೆಯಂತೆ ಊರಿನ ಹೆಸರನ್ನೂ ಅವರ ಹೆಸರನ್ನೂ ಇಲ್ಲಿ ಅಚ್ಚು ಹಾಕಿಲ್ಲ. ಪತ್ರದ ಕೊನೆಗೆ ನೀವು ಸೇರಿಸಿದ ಎರಡು ಸಾಲುಗಳನ್ನು ಮಾತ್ರ ಬಿಡಲಾರೆ. ನರ್ಸಕ್ಕನ ಚೀಲದ ಕೊಂಡಿ ಮುರಿದ ಮೇಲೆ ಅವರು ಅದನ್ನು ಬ್ಯಾಂಡೇಜ್ ಬಟ್ಟೆಯ ತುಂಡಿನಿಂದ ಗಂಟು ಹಾಕಿಕೊಂಡು ವರ್ಷಗಟ್ಟಲೆ ತಿರುಗಿದರು, ಆ ಚೀಲ ಹೊತ್ತು ಹೊತ್ತು ಅವರ ಎಡಹೆಗಲು ಬಲಕ್ಕಿಂತ ತಗ್ಗಾಗಿತ್ತು ಎಂದು ಬರೆದಿದ್ದೀರಿ. ಅದನ್ನು ಓದಿ, ಪತ್ರದ ಜೊತೆಗಿದ್ದ ಫೋಟೊವನ್ನು ಮತ್ತೆ ತೆಗೆದು ನೋಡಿದೆ. ನಿವೃತ್ತಿಯ ದಿನ ಕುರ್ಚಿಯಲ್ಲಿ ಕೂರಿಸಿ ತೆಗೆದ ಚಿತ್ರ ಅದು. ಕೈಗಳು ಮಡಿಲಲ್ಲಿವೆ, ಹೆಗಲುಗಳು ಸಮನಾಗಿವೆ, ಚೀಲ ಇಲ್ಲ. ಮೂರು ತಿಂಗಳ ಪ್ರತಿಮೆ ಈ ಫೋಟೊದಿಂದ ಹುಟ್ಟುತ್ತದೆ. ಅದು ಯಾರದೋ ಪ್ರತಿಮೆಯಾಗುತ್ತದೆ, ನಿಮ್ಮ ನರ್ಸಕ್ಕನದಲ್ಲ.

ಆದ್ದರಿಂದ ಮೊದಲಿಗೇ ಹೇಳಿಬಿಡುತ್ತೇನೆ: ಪುಣ್ಯಸ್ಮರಣೆಯ ದಿನದ ಅನಾವರಣವನ್ನು ಕೈಬಿಡಿ. ಆ ದಿನ ಊರಿನವರೆಲ್ಲ ಸೇರಿ ಅವರ ಬಗ್ಗೆ ಮಾತಾಡಿ, ಆ ಮಾತುಗಳನ್ನು ಬರೆದಿಟ್ಟುಕೊಳ್ಳಿ. ಪ್ರತಿಮೆ ತನ್ನ ಸಮಯ ತೆಗೆದುಕೊಳ್ಳಲಿ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಆವರಣದಲ್ಲಿ 2016ರಲ್ಲಿ ಮೇರಿ ಸೀಕೋಲ್ ಅವರ ಕಂಚಿನ ಪ್ರತಿಮೆ ನಿಂತಿತು. ಜಮೈಕಾದಲ್ಲಿ ಹುಟ್ಟಿ, ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆ ಮಾಡಿದ ಹೆಣ್ಣುಮಗಳು ಆಕೆ. ಆ ಪ್ರತಿಮೆಗಾಗಿ ಅದರ ಬೆಂಬಲಿಗರು ಹನ್ನೆರಡು ವರ್ಷ ದುಡಿದರು. ಶಿಲ್ಪಿ ಮಾರ್ಟಿನ್ ಜೆನ್ನಿಂಗ್ಸ್ ಆಕೆಯನ್ನು ಕೂರಿಸಲಿಲ್ಲ, ಸುಮ್ಮನೆ ನಿಲ್ಲಿಸಲೂ ಇಲ್ಲ. ಆಕೆ ಬಿರುಸಾಗಿ ನಡೆಯುತ್ತಿದ್ದಾಳೆ. ಬೆನ್ನ ಹಿಂದೆ ಎದ್ದು ನಿಂತಿರುವ ದೊಡ್ಡ ಕಂಚಿನ ಬಿಲ್ಲೆಯ ಮೈಮೇಲಿನ ಉಬ್ಬುತಗ್ಗುಗಳನ್ನು ಕ್ರಿಮಿಯಾದ ನೆಲದಿಂದಲೇ ಅಚ್ಚು ತೆಗೆದು ತಂದದ್ದು. ಆಕೆ ಯಾವ ಮಣ್ಣಿನ ಮೇಲೆ ನಡೆದಳೋ ಆ ಮಣ್ಣೇ ಅಲ್ಲಿ ಎದ್ದು ನಿಂತಿದೆ. ನಿಮ್ಮ ಸಮಿತಿ ಈ ಪ್ರತಿಮೆಯ ಚಿತ್ರಗಳನ್ನು ಹುಡುಕಿ ನೋಡಬೇಕು. ನಕಲು ಮಾಡುವುದಕ್ಕೆ ಹೇಳುತ್ತಿಲ್ಲ. ನಡೆದೇ ಬದುಕಿದ ಒಬ್ಬ ದಾದಿಯ ನಡಿಗೆಯನ್ನು ಲೋಹದಲ್ಲಿ ಹಿಡಿಯಲು ಸಾಧ್ಯ ಎಂಬ ಧೈರ್ಯ ನಿಮಗೆ ಬರಲಿ ಎಂದು ಹೇಳುತ್ತಿದ್ದೇನೆ.

ಎದೆಮಟ್ಟದ ಪ್ರತಿಮೆ ಸಾಕು ಎನ್ನುವವರಿಗೂ ಇದರಲ್ಲೇ ನನ್ನ ಉತ್ತರವಿದೆ. ಮಾತಿನಿಂದ, ಬರಹದಿಂದ ಹೆಸರಾದವರಿಗೆ ಮುಖವೊಂದೇ ಸಾಲಬಹುದು. ಕೈಕಾಲುಗಳಿಂದ ದುಡಿದವರನ್ನು ಎದೆಯವರೆಗೆ ಕತ್ತರಿಸಿ ಪೀಠದ ಮೇಲಿಟ್ಟರೆ ಅವರ ಬದುಕನ್ನೇ ಕೆಳಗೆ ಬಿಟ್ಟಂತಾಗುತ್ತದೆ. ಹಣ ಸಾಲದಿದ್ದರೆ ಇನ್ನೊಂದು ವರ್ಷ ಕಾಯಿರಿ, ಇಲ್ಲವೇ ಗೋಡೆಯೊಂದರ ಮೇಲೆ ಉಬ್ಬುಶಿಲ್ಪ ಮಾಡಿಸಿ. ಅದರಲ್ಲಿ ಹೆಗಲು, ಚೀಲ, ಹೆಜ್ಜೆ ಎಲ್ಲವೂ ಬರುತ್ತವೆ, ಲೋಹವೂ ಕಡಿಮೆ ಸಾಕು.

ಈಗ ಕೆಲಸ ನಡೆಯುವ ಬಗೆಯನ್ನು ಹೇಳುತ್ತೇನೆ. ನಿಮ್ಮ ಸಮಿತಿ ಎಲ್ಲಿ ಗಟ್ಟಿಯಾಗಿ ಕೂರಬೇಕು ಎಂಬುದು ಇದರಿಂದ ಗೊತ್ತಾಗುತ್ತದೆ. ಶಿಲ್ಪಿ ಮೊದಲು ಒಂದು ಗೇಣಿನಷ್ಟೆತ್ತರದ ಸಣ್ಣ ಮಾದರಿ ಮಾಡಿ ತೋರಿಸುತ್ತಾರೆ. ನಿಲುವು ತೀರ್ಮಾನವಾಗುವುದು ಅಲ್ಲಿ. ಆಮೇಲೆ ಕಬ್ಬಿಣದ ಹಂದರ ಕಟ್ಟಿ, ಅದರ ಮೇಲೆ ಪೂರ್ಣ ಗಾತ್ರದಲ್ಲಿ ಜೇಡಿಮಣ್ಣು ಮೆತ್ತುತ್ತಾರೆ. ತಿಂಗಳುಗಟ್ಟಲೆ ಅದಕ್ಕೆ ಒದ್ದೆ ಬಟ್ಟೆ ಹೊದಿಸಿ ಹಸಿಯಾಗಿಟ್ಟುಕೊಂಡು ತಿದ್ದುತ್ತಾ ಹೋಗುತ್ತಾರೆ. ಮಣ್ಣು ಒಪ್ಪಿಗೆಯಾದ ಮೇಲೆ ಅದರಿಂದ ರಬ್ಬರಿನ ಅಚ್ಚು, ಅಚ್ಚಿನೊಳಗೆ ಕೆಲವೇ ಮಿಲಿಮೀಟರ್ ದಪ್ಪದ ಮೇಣದ ಪದರ, ಮೇಣದ ಸುತ್ತ ಬೆಂಕಿಗೆ ಜಗ್ಗದ ಕವಚ. ಕವಚವನ್ನು ಕುಲುಮೆಯಲ್ಲಿ ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ. ಅದು ಬಿಟ್ಟುಹೋದ ಸಂದಿಯಲ್ಲಿ ಸುಮಾರು 1100 ಡಿಗ್ರಿ ಸೆಲ್ಸಿಯಸ್ ಕಾವಿನ ಕಂಚು ಇಳಿಯುತ್ತದೆ. ಆಳೆತ್ತರದ ಪ್ರತಿಮೆಯನ್ನು ಹೀಗೆ ತುಂಡುತುಂಡಾಗಿ ಎರಕ ಹೊಯ್ದು, ಬೆಸೆದು, ಬೆಸುಗೆಯ ಗುರುತು ಕಾಣದಂತೆ ತಟ್ಟಿ ಉಜ್ಜಿ, ಕೊನೆಗೆ ಕಾವು ಮತ್ತು ರಾಸಾಯನಿಕಗಳಿಂದ ಬಣ್ಣ ಕಟ್ಟುತ್ತಾರೆ. ಒಳಗೆ ಟೊಳ್ಳೇ ಇರುತ್ತದೆ.

ಮಣ್ಣಿನ ಹಂತದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಸರಿಹೋಗುವ ತಪ್ಪು ಕಂಚಿಗೆ ಬಂದ ಮೇಲೆ ಗರಗಸ ಕೇಳುತ್ತದೆ. ಅನೇಕ ಸಮಿತಿಗಳು ಹಣ ಕೂಡಿಸುವಾಗ ಹತ್ತು ಸಭೆ, ಅನಾವರಣಕ್ಕೆ ಯಾರನ್ನು ಕರೆಯಬೇಕೆಂದು ಇಪ್ಪತ್ತು ಸಭೆ ಮಾಡುತ್ತವೆ. ಮಣ್ಣು ನೋಡಲು ಅಧ್ಯಕ್ಷರೊಬ್ಬರೇ ಅರ್ಧ ಗಂಟೆ ಹೋಗಿ "ಚೆನ್ನಾಗಿದೆ" ಎಂದು ಸಹಿ ಹಾಕಿ ಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಮೆರಿಕದ ಸೆಲೋರಾನ್ ಎಂಬ ಪುಟ್ಟ ಊರು ಅಲ್ಲೇ ಬೆಳೆದ ಹಾಸ್ಯನಟಿ ಲೂಸಿಲ್ ಬಾಲ್ ಅವರ ಪ್ರತಿಮೆಯನ್ನು 2009ರಲ್ಲಿ ನಿಲ್ಲಿಸಿತು. ಆ ಮುಖದಲ್ಲಿ ಜನ ಪ್ರೀತಿಸಿದ ಲೂಸಿಲ್ ಇರಲಿಲ್ಲ. ದೇಶವಿಡೀ ಅದನ್ನು ಕಂಡು ಬೆಚ್ಚಿತು. 2016ರಲ್ಲಿ ಬೇರೆ ಶಿಲ್ಪಿಯಿಂದ ಹೊಸ ಪ್ರತಿಮೆ ಮಾಡಿಸಿ, ಹಳೆಯದನ್ನು ಪಕ್ಕಕ್ಕೆ ಸರಿಸಬೇಕಾಯಿತು.

ಹಾಗಾದರೆ ಮಣ್ಣಿನ ಮುಂದೆ ಯಾರು ನಿಲ್ಲಬೇಕು? ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ಲೇಖನವೊಂದಕ್ಕಾಗಿ ಒಬ್ಬ ಶಿಲ್ಪಿಯ ಕಾರ್ಯಾಗಾರದಲ್ಲಿ ಕುಳಿತಿದ್ದೆ. ತೀರಿಕೊಂಡಿದ್ದ ಮೇಷ್ಟರೊಬ್ಬರ ಪ್ರತಿಮೆ ಮಣ್ಣಿನಲ್ಲಿ ಸಿದ್ಧವಾಗಿತ್ತು. ಮುಖವನ್ನು ಹದಿನೈದು ದಿನ ತಿದ್ದಿದ್ದರೂ ಶಿಲ್ಪಿಗೆ ಸಮಾಧಾನವಿರಲಿಲ್ಲ. ಆ ದಿನ ಮೇಷ್ಟರ ಹೆಂಡತಿ ಬಂದರು. ಮುಖದ ಎದುರು ಸ್ವಲ್ಪ ಹೊತ್ತು ನಿಂತರು, ಏನೂ ಹೇಳಲಿಲ್ಲ. ಮೆಲ್ಲಗೆ ಸುತ್ತಿಕೊಂಡು ಹಿಂದಕ್ಕೆ ಹೋದರು. "ಇವರ ಕತ್ತು ಇಷ್ಟು ನೆಟ್ಟಗಿರಲಿಲ್ಲ" ಎಂದರು. "ಚಿಕ್ಕ ಮಕ್ಕಳ ಮಾತು ಕೇಳಿಸಿಕೊಳ್ಳಲು ಬಗ್ಗಿ ಬಗ್ಗಿ ಹಾಗೇ ಉಳಿದುಬಿಟ್ಟಿತ್ತು." ಶಿಲ್ಪಿ ಕತ್ತಿನ ಬುಡದಲ್ಲಿ ಮಣ್ಣು ತೆಗೆದು, ತಲೆಯನ್ನು ಒಂದಿಷ್ಟು ಮುಂದಕ್ಕೆ ಬಾಗಿಸಿದರು. ಆ ತಾಯಿ ಮತ್ತೆ ಎದುರಿಗೆ ಬಂದು ನಿಂತು, "ಈಗ ಮುಖ ಸರಿಯಾಯಿತು" ಎಂದರು. ಮುಖವನ್ನು ಯಾರೂ ಮುಟ್ಟಿರಲಿಲ್ಲ.

ನಿಮ್ಮ ಹನ್ನೊಂದು ಮಂದಿಯಲ್ಲಿ ನರ್ಸಕ್ಕನನ್ನು ಹಿಂದಿನಿಂದ ನೋಡಿ ಗುರುತಿಸಬಲ್ಲವರು ಎಷ್ಟು ಜನ? ಅಂಥವರು ಸಮಿತಿಯ ಹೊರಗಿದ್ದರೆ ಅವರನ್ನೇ ಕರೆದುಕೊಂಡು ಹೋಗಿ. ಅವರ ಜೊತೆ ಕೆಲಸ ಮಾಡಿದವರು, ಮನೆಯವರು, ಅವರ ಕೈಯಲ್ಲಿ ಹೆರಿಗೆಯಾದ ಒಬ್ಬಿಬ್ಬರು ತಾಯಂದಿರು, ಹೀಗೆ ನಾಲ್ಕೈದು ಜನ ಸಾಕು. ಒಮ್ಮೆಲೇ ಎಲ್ಲರೂ ನುಗ್ಗಬೇಡಿ, ಒಬ್ಬರ ಮಾತಿಗೆ ಇನ್ನೊಬ್ಬರು ತಲೆಯಾಡಿಸುವಂತಾಗುತ್ತದೆ. ಒಬ್ಬೊಬ್ಬರೇ ಹೋಗಲಿ, ಸುತ್ತಲೂ ನಡೆದು ನೋಡಲಿ, ಅನ್ನಿಸಿದ್ದನ್ನು ಶಿಲ್ಪಿಗೇ ಹೇಳಲಿ.

ಮುಖಕ್ಕಿಂತ ಕೈಗಳ ಬಗ್ಗೆ ಹೆಚ್ಚು ವಿಚಾರಿಸಿ. 1860ರಲ್ಲಿ ಅಬ್ರಹಾಂ ಲಿಂಕನ್ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾದ ಬೆನ್ನಿಗೇ ಲಿಯೊನಾರ್ಡ್ ವೋಕ್ ಎಂಬ ಶಿಲ್ಪಿ ಅವರ ಎರಡೂ ಕೈಗಳ ಅಚ್ಚು ತೆಗೆದ. ಅಭಿನಂದಿಸಲು ಬಂದವರ ಕೈ ಕುಲುಕಿ ಕುಲುಕಿ ಅವರ ಬಲಗೈ ಬಾತುಕೊಂಡಿತ್ತು. ಆ ಬಾವು ಇಂದಿಗೂ ಅಚ್ಚಿನಲ್ಲಿ ಕಾಣುತ್ತದೆ. ಮುಂದೆ ವಾಷಿಂಗ್ಟನ್ ನಗರದ ಲಿಂಕನ್ ಸ್ಮಾರಕದೊಳಗಿನ ಪ್ರತಿಮೆಯನ್ನು ರೂಪಿಸಿದ ಶಿಲ್ಪಿ ಡೇನಿಯಲ್ ಚೆಸ್ಟರ್ ಫ್ರೆಂಚ್‌ಗೆ ಈ ಅಚ್ಚುಗಳು ಒದಗಿಬಂದವು. ನಿಮ್ಮಲ್ಲಿ ಅಚ್ಚುಗಳಿಲ್ಲ, ನಿಜ. ಆದರೆ ನಾಡಿ ಹಿಡಿಯುವಾಗ ಅವರ ಬೆರಳು ಹೇಗಿರುತ್ತಿದ್ದವು ಎಂಬುದನ್ನು ತಮ್ಮ ಮೈಯಲ್ಲೇ ನೆನಪಿಟ್ಟುಕೊಂಡ ನೂರಾರು ಜನ ಊರಿನಲ್ಲಿದ್ದಾರೆ. ಮದುವೆ, ನಾಮಕರಣ, ಶಾಲೆಯ ಕಾರ್ಯಕ್ರಮ, ಯಾರದೇ ಫೋಟೊದ ಮೂಲೆಯಲ್ಲಿ ಅವರು ಕಂಡರೂ ತರಿಸಿಕೊಳ್ಳಿ. ಕ್ಯಾಮೆರಾ ತಮ್ಮ ಕಡೆ ಇದೆ ಎಂದು ಗೊತ್ತಿಲ್ಲದೆ ನಿಂತ ಒಂದು ಚಿತ್ರ ಸ್ಟುಡಿಯೊದ ಹತ್ತು ಚಿತ್ರಗಳಿಗೆ ಸಮ. ವಿಡಿಯೊ ಸಿಕ್ಕರೆ ಇನ್ನೂ ಒಳ್ಳೆಯದು, ನಡಿಗೆ ಅದರಲ್ಲಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಶಿಲ್ಪಿಯ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಸಮಿತಿಗಳೂ ತಪ್ಪುತ್ತವೆ. 1891ರಲ್ಲಿ ಫ್ರಾನ್ಸಿನ ಸಾಹಿತಿಗಳ ಸಂಘವೊಂದು ಕಾದಂಬರಿಕಾರ ಬಾಲ್ಜಾಕ್‌ನ ಪ್ರತಿಮೆಯನ್ನು ಶಿಲ್ಪಿ ರೋಡಾನನಿಗೆ ವಹಿಸಿತು. ಹದಿನೆಂಟು ತಿಂಗಳಲ್ಲಿ ಕೊಡುತ್ತೇನೆಂದವನು ಏಳು ವರ್ಷ ತೆಗೆದುಕೊಂಡ. ಬಾಲ್ಜಾಕ್ ತೀರಿಕೊಂಡು ಆಗಲೇ ನಲವತ್ತು ವರ್ಷ ದಾಟಿತ್ತು. ರೋಡಾನ್ ಅವನ ಹುಟ್ಟೂರಿನ ಕಡೆಗೆ ಹೋಗಿ ಅಂಥದೇ ಮುಖಗಳನ್ನು ಹುಡುಕಿದ. ಅವನ ಹಳೆಯ ದರ್ಜಿಯನ್ನು ಪತ್ತೆಮಾಡಿ ಅದೇ ಅಳತೆಗೆ ಬಟ್ಟೆ ಹೊಲಿಸಿಕೊಂಡ. 1898ರಲ್ಲಿ ನಿಲುವಂಗಿ ಹೊದ್ದು ಬೆನ್ನು ಹಿಂದಕ್ಕೆ ಬಾಗಿಸಿ ನಿಂತ ಬಾಲ್ಜಾಕ್‌ನನ್ನು ಪ್ಲಾಸ್ಟರಿನಲ್ಲಿ ಪ್ರದರ್ಶಿಸಿದಾಗ ಪ್ಯಾರಿಸ್ ನಕ್ಕಿತು, ಸಂಘ ಬೇಡವೆಂದಿತು. ರೋಡಾನ್ ಮುಂಗಡ ಹಿಂತಿರುಗಿಸಿ ಪ್ರತಿಮೆಯನ್ನು ತನ್ನ ಮನೆಗೆ ಒಯ್ದ. ಅದು ಕಂಚಾಗಿ ಪ್ಯಾರಿಸ್ಸಿನ ಬೀದಿಯಲ್ಲಿ ನಿಂತದ್ದು 1939ರಲ್ಲಿ, ರೋಡಾನ್ ಸತ್ತು 22 ವರ್ಷಗಳಾದ ಮೇಲೆ. ಹೋಲಿಕೆ ಎಂದರೆ ಮೂಗಿನ ಉದ್ದ, ಕಣ್ಣಿನ ಅಂತರ ಎಂದಷ್ಟೇ ತಿಳಿದವರು ಅವನ ಮುಂದೆ ಸೋತರು. ಹೀಗಾಗಿ ನಿಮ್ಮವರು ಶಿಲ್ಪಿಗೆ "ಕಣ್ಣು ಅರ್ಧ ಅಂಗುಲ ಮೇಲಿರಲಿ" ಎನ್ನುವುದು ಬೇಡ. "ನರ್ಸಕ್ಕ ಬಾಗಿಲಿಗೆ ಬಂದರೆ ಒಳಗೆ ಬರಲೇ ಎಂದು ಕೇಳುತ್ತಿರಲಿಲ್ಲ, ನೇರ ರೋಗಿಯ ಹತ್ತಿರ ಹೋಗುತ್ತಿದ್ದರು" ಎನ್ನಲಿ. ಅದನ್ನು ಮಣ್ಣಿಗೆ ತರುವುದು ಶಿಲ್ಪಿಯ ವಿದ್ಯೆ. ಆ ವಿದ್ಯೆ ಉಳ್ಳವರನ್ನು ಆರಿಸುವುದು ನಿಮ್ಮ ಜವಾಬ್ದಾರಿ. ಅವರು ಮಾಡಿದ ಪ್ರತಿಮೆಗಳು ಎಲ್ಲಿವೆಯೋ ಅಲ್ಲಿಗೆ ಹೋಗಿ ಸುತ್ತ ನಡೆದು ನೋಡದೆ ಯಾರಿಗೂ ಮುಂಗಡ ಕೊಡಬೇಡಿ.

ಪೀಠದ ಜಗಳಕ್ಕೂ ರೋಡಾನನದೇ ಇನ್ನೊಂದು ಕೆಲಸ ನೆನಪಾಗುತ್ತದೆ. 1347ರಲ್ಲಿ ಊರನ್ನು ಉಳಿಸಲು ತಮ್ಮ ಪ್ರಾಣ ಒಪ್ಪಿಸಲು ಮುಂದಾದ ಆರು ಮಂದಿ ನಾಗರಿಕರ ಸ್ಮರಣೆಗೆ ಫ್ರಾನ್ಸಿನ ಕ್ಯಾಲೆ ನಗರ ಶಿಲ್ಪ ಮಾಡಿಸಿತು. ಆ ಆರೂ ಜನ ಜನರ ಮಟ್ಟದಲ್ಲೇ, ಜನರ ನಡುವೆ ನಡೆಯುತ್ತಿರುವಂತೆ ನಿಲ್ಲಲಿ ಎಂದು ರೋಡಾನ್ ಬೇಡಿಕೊಂಡ. ನಗರದವರು ಒಪ್ಪದೆ 1895ರಲ್ಲಿ ಎತ್ತರದ ಪೀಠದ ಮೇಲೆ ಕೂರಿಸಿ ಸುತ್ತ ಕಂಬಿ ಹಾಕಿದರು. ಕೊನೆಗೆ 1924ರಲ್ಲಿ ಕೆಳಗಿಳಿಸಿದರು. ನಿಮ್ಮ ನರ್ಸಕ್ಕ ಬದುಕಿದ್ದಾಗ ಯಾರಿಗಿಂತಲೂ ಎತ್ತರದಲ್ಲಿ ನಿಂತವರಲ್ಲ. ನೀರು ನಿಲ್ಲದಷ್ಟು ಒಂದು ಮೆಟ್ಟಿಲ ಎತ್ತರ ಸಾಕು. ಮಕ್ಕಳು ಆ ಕೈ ಹಿಡಿಯುವಂತಿರಲಿ. ಮುಟ್ಟಿ ಮುಟ್ಟಿ ಕಂಚು ಅಲ್ಲಲ್ಲಿ ಹೊಳಪೇರಿದರೆ ಏರಲಿ. ಗಾತ್ರದ ವಿಚಾರದಲ್ಲಿ ಮಾತ್ರ ಶಿಲ್ಪಿಯ ಮಾತು ಕೇಳಿ: ಬಯಲಿನಲ್ಲಿ ಆಳಿನಷ್ಟೇ ಎತ್ತರದ ಪ್ರತಿಮೆ ಕುಳ್ಳಗೆ ಕಾಣುತ್ತದೆ, ಆದ್ದರಿಂದ ಸ್ವಲ್ಪ ದೊಡ್ಡದಾಗಿಯೇ ಮಾಡುತ್ತಾರೆ.

ಜಾಗವನ್ನು ನಕಾಶೆಯಲ್ಲಿ ಗುರುತಿಸಿ ಸುಮ್ಮನಾಗಬೇಡಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಲ್ಲಿ ಒಬ್ಬರನ್ನು ನಿಲ್ಲಿಸಿ ಮುಖದ ಮೇಲೆ ಬೆಳಕು ಹೇಗೆ ಬೀಳುತ್ತದೆ ನೋಡಿ. ಮೇಲೆ ಹೇಳಿದ ಲಿಂಕನ್ ಪ್ರತಿಮೆ 1922ರಲ್ಲಿ ಲೋಕಾರ್ಪಣೆಯಾದಾಗ, ಎದುರಿನಿಂದ ಕೆಳಗಿನಿಂದ ಬಂದ ಬೆಳಕಿಗೆ ಆ ಗಂಭೀರ ಮುಖ ಗಾಬರಿಗೊಂಡಂತೆ ಕಾಣತೊಡಗಿತು. ಶಿಲ್ಪಿ ಫ್ರೆಂಚ್ ಪಟ್ಟುಹಿಡಿದ ಮೇಲೆ ಸ್ಮಾರಕದ ಛಾವಣಿಯಲ್ಲಿ ದೀಪಗಳನ್ನು ಅಳವಡಿಸಿದರು. ನಿಮ್ಮ ಪ್ರತಿಮೆಗೆ ಛಾವಣಿಯಿಲ್ಲ, ಸೂರ್ಯನೇ ದೀಪ.

ಫೈಬರ್ ಬೇಡ ಎಂದು ಬೇರೆ ಹೇಳಬೇಕಿಲ್ಲವೆಂದುಕೊಳ್ಳುತ್ತೇನೆ. ಬಿಸಿಲಿಗೆ ಬಣ್ಣ ಮಾಸಿ, ಮೈ ಸೀಳಿ, ಒಳಗಿನ ಕಬ್ಬಿಣಕ್ಕೆ ನೀರಿಳಿದು ತುಕ್ಕು ಹಿಡಿಯುವುದನ್ನು ನಾನು ಕಂಡಿದ್ದೇನೆ. ಕಂಚೂ ಆರೈಕೆ ಬೇಡುತ್ತದೆ: ವರ್ಷಕ್ಕೊಮ್ಮೆ ತೊಳೆದು ಮೇಣ ಸವರಬೇಕು, ತಳದಲ್ಲಿ ನೀರು ಹರಿದುಹೋಗಲು ತೂತಿರಬೇಕು. ಅದಕ್ಕೆ ಹಣವನ್ನು ಈಗಲೇ ಬೇರೆ ಇಡಿ. ಜಾಗದ ಅನುಮತಿ ಬರಹದಲ್ಲಿ ಕೈಗೆ ಬರುವವರೆಗೆ ಎರಕಕ್ಕೆ ಒಪ್ಪಿಗೆ ಕೊಡಬೇಡಿ. ಕರಾರಿನಲ್ಲಿ ಹಣವನ್ನು ಹಂತಹಂತವಾಗಿ ಕಟ್ಟುವಂತೆ ಬರೆಸಿ, ಮಣ್ಣಿನ ಒಪ್ಪಿಗೆಯೇ ಒಂದು ಹಂತವಾಗಿರಲಿ. ಅಚ್ಚು ಯಾರದು, ಪ್ರತಿ ತೆಗೆಯುವ ಹಕ್ಕು ಯಾರದು ಎಂಬುದೂ ಅದರಲ್ಲಿರಲಿ. ಶಿಲ್ಪಿಯ ಹೆಸರನ್ನು ಪ್ರತಿಮೆಯ ಮೇಲೆ ಕೆತ್ತಿಸಿ. ದಾನಿಗಳ ಹೆಸರಿನ ಪಟ್ಟಿಯನ್ನು ದಯವಿಟ್ಟು ಬೇರೆ ಕಡೆ ಹಾಕಿ.

ಕೊನೆಗೆ ಒಂದು ತುರ್ತಿನ ಕೆಲಸ ನಿಮಗೆ. ಆ ಚೀಲ ಎಲ್ಲಿದೆ ಎಂದು ಇವತ್ತೇ ವಿಚಾರಿಸಿ. ಎಂಟು ತಿಂಗಳಾಗಿದೆ, ಮನೆಯವರು ಹಳೆಯ ಸಾಮಾನುಗಳನ್ನು ವಿಲೇವಾರಿ ಮಾಡುವ ಹೊತ್ತು. ಸಿಕ್ಕರೆ ಒಗೆಯಬೇಡಿ, ಕೊಂಡಿ ಸರಿಮಾಡಿಸಬೇಡಿ, ಬ್ಯಾಂಡೇಜಿನ ಆ ಗಂಟನ್ನು ಬಿಚ್ಚಬೇಡಿ. ಶಿಲ್ಪಿ ಅದನ್ನು ಅವರು ಕಟ್ಟಿಟ್ಟ ಹಾಗೆಯೇ ನೋಡಬೇಕು.