ಯಹೂದಿಗಳು ತೋರಾವನ್ನು ಪೂಜೆ ಮಾಡುತ್ತಾರಾ?

ಯಹೂದಿಗಳ ಪವಿತ್ರ ಗ್ರಂಥವಾದ ತೋರಾದ ಸುರುಳಿಗೆ ಮಖಮಲ್ ಬಟ್ಟೆ ತೊಡಿಸಿ, ಬೆಳ್ಳಿ ಕಿರೀಟ ಇಟ್ಟು ಸಿನಗಾಗ್ (ಅವರ ಪ್ರಾರ್ಥನಾ ಮಂದಿರ) ಒಳಗೆ ಮೆರವಣಿಗೆ ಮಾಡುವ ವಿಡಿಯೋ ನೋಡಿ, ಇದು ನಮ್ಮ ದೇವರ ಉತ್ಸವದ ಹಾಗೇ ಅಲ್ವಾ ಎಂದು ಕೇಳಿದ್ದೀರಿ. ನೋಡಲು ಹಾಗೇ ಕಾಣುತ್ತದೆ. ಆದರೆ ಅದು ಪೂಜೆ ಅಲ್ಲ. ಆ ಸುರುಳಿಯ ಮುಂದೆ ಯಾರೂ ಹರಕೆ ಹೊರುವುದಿಲ್ಲ. ಅದಕ್ಕೆ ಸಿಗುವುದು ರಾಜಮರ್ಯಾದೆ, ಅಷ್ಟೇ.

ನಾನು ಮಂಗಳೂರಿನವನು. ಜೆರುಸಲೇಮಿನಲ್ಲಿ ವಯಸ್ಸಾದ ಅಜ್ಜರೊಬ್ಬರನ್ನು ನೋಡಿಕೊಳ್ಳುವ ಕೆಲಸ. ಶನಿವಾರ ಅವರ ವೀಲ್‌ಚೇರ್ ತಳ್ಳಿಕೊಂಡು ಸಿನಗಾಗ್‌ಗೆ ಹೋಗುತ್ತೇನೆ. ಸುರುಳಿ ಹತ್ತಿರ ಬಂದಾಗ ಅಜ್ಜ ಶಾಲಿನ ತುದಿಯನ್ನು ಅದಕ್ಕೆ ಮುಟ್ಟಿಸಿ, ಆ ತುದಿಗೆ ಮುತ್ತಿಡುತ್ತಾರೆ. ಓದುವವರೂ ಚರ್ಮದ ಹಾಳೆಯನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ. ತುದಿಯಲ್ಲಿ ಪುಟ್ಟ ಕೈ ಇರುವ ಕಡ್ಡಿಯಿಂದ ಸಾಲು ತೋರಿಸಿಕೊಂಡು ಓದುತ್ತಾರೆ. ಅದರಲ್ಲಿರುವುದು ಮೋಶೆಯ ಐದು ಪುಸ್ತಕ, 304,805 ಅಕ್ಷರ, ಎಲ್ಲವೂ ಕೈಬರಹ. ಒಂದೇ ಒಂದು ಅಕ್ಷರ ಬಿಟ್ಟುಹೋಗಿದ್ದರೂ ತಿದ್ದುವ ತನಕ ಆ ಸುರುಳಿ ಸಭೆಯಲ್ಲಿ ಓದಲು ಬರುವುದಿಲ್ಲ. ವಾರಕ್ಕೊಂದು ಭಾಗದ ಲೆಕ್ಕದಲ್ಲಿ ವರ್ಷಕ್ಕೆ ಓದಿ ಮುಗಿಸುತ್ತಾರೆ. ಮುಗಿದ ದಿನವೇ ಮತ್ತೆ ಮೊದಲಿಂದ ಶುರು.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗುವುದು ತಾಲ್ಮುದ್, ಅಂದರೆ ಧರ್ಮದ ನಿಯಮಗಳ ಬಗ್ಗೆ ಹಳೆಯ ಗುರುಗಳು ನಡೆಸಿದ ಚರ್ಚೆಗಳ ದೊಡ್ಡ ಗ್ರಂಥ. ಇಷ್ಟು ಮರ್ಯಾದೆ ಕೊಡುವ ಜನ ಗ್ರಂಥ ತೆರೆದು ಕೂತರೆ ಜಗಳವೇ! ಅಜ್ಜ ದಿನಕ್ಕೊಂದು ಹಾಳೆ ಓದುತ್ತಾರೆ. 1923ರಲ್ಲಿ ಶುರುವಾದ ಪದ್ಧತಿ ಇದು. ಒಟ್ಟು 2,711 ಹಾಳೆ, ಮುಗಿಯಲು ಏಳೂವರೆ ವರ್ಷ ಬೇಕು. ಬೆಳಿಗ್ಗೆ ಗೆಳೆಯರೊಬ್ಬರು ಫೋನ್ ಮಾಡುತ್ತಾರೆ, ಇಬ್ಬರೂ ಒಂದೇ ಸಾಲು ಹಿಡಿದು ಕೂಗಾಡುತ್ತಾರೆ. ಮೊದಮೊದಲು ಆಸ್ತಿ ತಕರಾರು ಇರಬೇಕು ಅಂದುಕೊಂಡಿದ್ದೆ.

ಆ ಹಾಳೆಯನ್ನು ನೋಡಿದರೆ ವಿಷಯ ತಿಳಿಯುತ್ತದೆ. ನಡುವೆ ಮೂಲ. ಒಂದು ಪಕ್ಕದಲ್ಲಿ 11ನೇ ಶತಮಾನದ ರಾಶಿ ಎಂಬ ಪಂಡಿತರ ವ್ಯಾಖ್ಯಾನ. ಇನ್ನೊಂದು ಪಕ್ಕದಲ್ಲಿ ಅವರ ಮೊಮ್ಮಕ್ಕಳೂ ಆಮೇಲಿನ ಪಂಡಿತರೂ ಬರೆದದ್ದು. ಅಲ್ಲಲ್ಲಿ ತಾತ ಹೇಳಿದ್ದು ಸರಿಯಿಲ್ಲ ಎಂದು ಮೊಮ್ಮಗನೇ ವಾದ ಹೂಡಿದ್ದಾನೆ. ಅದೂ ಅದೇ ಪುಟದಲ್ಲಿ ಅಚ್ಚಾಗಿದೆ! ವಾದದಲ್ಲಿ ಸೋತವರ ಮಾತನ್ನೂ ಅಳಿಸಿಲ್ಲ. ಹಿಲೇಲ್ ಮತ್ತು ಶಮ್ಮಾಯ್ ಎಂಬ ಇಬ್ಬರು ಗುರುಗಳ ಶಿಷ್ಯರ ನಡುವೆ ನಡೆದ ವಾದಗಳಲ್ಲಿ ಆಚರಣೆಗೆ ಬಂದದ್ದು ಹೆಚ್ಚಾಗಿ ಹಿಲೇಲ್ ಕಡೆಯವರ ಮಾತು. ಆದರೂ ಇಂದಿಗೂ ಎರಡನ್ನೂ ಕಲಿಯುತ್ತಾರೆ. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅವರಿಗೆ ಗ್ರಂಥ ಓದುವುದೇ ಒಂದು ವ್ರತ. ಸುಮ್ನೆ ಕಣ್ಣಿಗೊತ್ತಿಕೊಂಡು ಕಪಾಟಿನಲ್ಲಿಟ್ಟರೆ ಸಾಲದು.

ಹರಿದ ಪುಸ್ತಕವನ್ನು ಕಸಕ್ಕೆ ಹಾಕುವಂತಿಲ್ಲ, ದೇವರ ಹೆಸರು ಇರುತ್ತದಲ್ಲ. ‘ಗೆನಿಜಾ’ ಎಂಬ ಕಡೆ ಕೂಡಿಟ್ಟು, ಆಮೇಲೆ ಮಣ್ಣು ಮಾಡುತ್ತಾರೆ. ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ ಮಾತ್ರ ಮಣ್ಣು ಮಾಡದೆ ಶತಮಾನಗಳ ಕಾಗದ ಹಾಗೇ ಉಳಿದುಬಿಟ್ಟಿತ್ತು. ಹೀಬ್ರೂ ಲಿಪಿಯಲ್ಲಿದ್ದ ಅಂಗಡಿ ಲೆಕ್ಕ, ವ್ಯಾಪಾರದ ಪತ್ರಗಳೂ ಅದರಲ್ಲಿ ಸೇರಿದ್ದವು. ಅವುಗಳ ನಡುವೆ ನಮ್ಮ ಮಂಗಳೂರೂ ಇದೆ! 12ನೇ ಶತಮಾನದಲ್ಲಿ ಅಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಗೆ ಸೇರಿದ ಕಾಗದಗಳು ಅವು. ಅವನು ಮಂಗಳೂರಿನಲ್ಲಿ ಆಶು ಎಂಬ ಹೆಂಗಸನ್ನು ದಾಸ್ಯದಿಂದ ಬಿಡಿಸಿದ 1132ರ ಪತ್ರವೂ ಆ ಗೆನಿಜಾದಲ್ಲೇ ಸಿಕ್ಕಿದ್ದು.